ನಡುವರ್ ನಂಬಿರಾಜನ ಎರಡು ಊಟ

ಪೆರುಮಾಳ್ ದೇವರು ಒಬ್ಬ ಮನುಷ್ಯನನ್ನು ಆಡಿಸಬೇಕೆಂದು ಮನಸ್ಸು ಮಾಡಿದರೆ ಬೆಟ್ಟ ಕದಲಿಸಬೇಕಾಗಿಲ್ಲ, ಹೊಳೆ ತಿರುಗಿಸಬೇಕಾಗಿಲ್ಲ. ತೊಗರಿಕಾಳಿನಷ್ಟು ಗಾತ್ರದ ಒಂದು ಕೆಂಪು ದೀಪವನ್ನು ಆರಿಸಿದರೆ ಸಾಕು. ನಾಣಲ್‌ಕುಳದ ನಂಬಿರಾಜನ ವಿಷಯದಲ್ಲಿ ಅವನು ಮಾಡಿದ್ದು ಅಷ್ಟೇ.

ಆ ದೀಪ ಇದ್ದದ್ದು ನಂಬಿರಾಜನ ಮೈಕ್ ಸೆಟ್ಟಿನ ಪೆಟ್ಟಿಗೆಯ ಮೂತಿಯಲ್ಲಿ. ಅದು ಉರಿಯುತ್ತಿದ್ದರೆ ಮೈಕು ಎಚ್ಚರವಾಗಿದೆ, ಆರಿದ್ದರೆ ಮಲಗಿದೆ ಎಂದು ಅರ್ಥ. ಮದುವೆ, ಕಿವಿ ಚುಚ್ಚುವ ಶಾಸ್ತ್ರ, ಸಾವು, ಏನೇ ಆಗಲಿ ಊರಿಗೆ ಮೊದಲು ಬರಬೇಕಾದದ್ದು ಆ ಪೆಟ್ಟಿಗೆ, ಅದರ ಹಿಂದೆ ಎರಡು ತಗಡಿನ ಕಹಳೆ, ಅದರ ಹಿಂದೆ ಆಕಳಿಸುತ್ತಾ ನಂಬಿರಾಜ. ಮಾರ್ಗಳಿ ತಿಂಗಳು, ಅಂದರೆ ಧನುರ್ಮಾಸ ಬಂತೆಂದರೆ ಮೂರೂ ಪೆರುಮಾಳ್ ಕೋವಿಲಿನ ಪಾಲು. ಕೋಳಿ ಕೂಗುವ ಮುಂಚೆ ಎದ್ದು, ತಲೆಗೆ ತಣ್ಣೀರು ಸುರಿದುಕೊಂಡು, ಭಟ್ಟರು ಹಾಡುವ ಪಾಶುರಗಳನ್ನು ಊರಿನ ಮೇಲೆ ಹರಿಸಬೇಕು. ಊರು ಕಂಬಳಿಯೊಳಗೆ ಮಲಗಿಕೊಂಡೇ ಪುಣ್ಯ ಪಡೆಯುತ್ತಿತ್ತು. ನಂಬಿರಾಜ ನಿದ್ದೆಗೆಟ್ಟು ಅದನ್ನು ಹಂಚುತ್ತಿದ್ದ. ದಣಿವೆಂಬುದು ಅವನ ಮುಖಕ್ಕೆ ಬಾಡಿಗೆಗೆಂದು ಬಂದು ಸ್ವಂತ ಮನೆ ಮಾಡಿಕೊಂಡ ಒಕ್ಕಲಿನ ಹಾಗೆ ಕೂತುಬಿಟ್ಟಿತ್ತು.

ಅಂದು ಅಕ್ಕಾರವಡಿಸಲಿನ ದಿನ. ಹಾಲಿನಲ್ಲೇ ಬೆಂದ ಬೆಲ್ಲದನ್ನ. ತಿನ್ನುವಾಗ ತುಪ್ಪ ಮೊಣಕೈವರೆಗೆ ಇಳಿಯಬೇಕೆಂದು ಶಾಸ್ತ್ರ. ಪಾಶುರ ಮುಗಿಯಿತು. ನಂಬಿರಾಜ ಪೆಟ್ಟಿಗೆಯ ಗುಂಡಿ ತಿರುಗಿಸಿದ. ಅದು ಅರ್ಧಕ್ಕೇ ಸಿಕ್ಕಿ ನಿಂತಿತು. ಕೆಂಪು ದೀಪ ಕಾಣಲಿಲ್ಲ. ಸರಿ, ಮಲಗಿತು ಎಂದುಕೊಂಡ. ದೀಪವೇ ಸುಟ್ಟುಹೋಗಿದೆ ಎಂಬುದು ಪೆರುಮಾಳೊಬ್ಬನಿಗೇ ಗೊತ್ತಿತ್ತು.

ತಿರುವೇಂಗಡ ಭಟ್ಟರು ದೊನ್ನೆ ತುಂಬಾ ಪ್ರಸಾದ ತಂದು ಅವನ ಮುಂದೆ ಹಿಡಿದರು.

"ತಗೋ ನಂಬಿ, ಬಿಸಿಯಾಗಿರುವಾಗಲೇ ಬಾಯಿಗೆ ಹಾಕು."

"ಬೇಡ ಸ್ವಾಮಿ. ಕಣ್ಣಿಗೊತ್ತಿಕೊಂಡು ಮನೆಗೆ ಒಯ್ತೀನಿ."

"ಪೆರುಮಾಳ್ ಪ್ರಸಾದ ಬೇಡ ಅಂತೀಯಾ?"

"ಪೆರುಮಾಳಿಗೆ ಬೇಡ ಅಂತೀನಾ ಸ್ವಾಮಿ, ಹೊಟ್ಟೆಗೆ ಹೇಳ್ತಿದ್ದೀನಿ. ನಿನ್ನೆ ರಾತ್ರೀದೇ ಇನ್ನೂ ಇಲ್ಲಿ ಕೂತಿದೆ. ಒಂದಲ್ಲ, ಎರಡು ರಾತ್ರೀದು."

ಭಟ್ಟರು ದೊನ್ನೆ ಕೆಳಗಿಟ್ಟು ಕಂಬಕ್ಕೆ ಒರಗಿ ಕೂತರು. ಬೆಳಗಿನ ಜಾವದ ಕತ್ತಲು, ಎಣ್ಣೆದೀಪದ ಬೆಳಕು, ಎದುರಿಗೆ ಕೇಳುವ ಮುಖ. ಮನುಷ್ಯ ಮನಸ್ಸು ಬಿಚ್ಚಲು ಇನ್ನೇನು ಬೇಕು. ನಂಬಿರಾಜ ಮೈಕಿನ ಪಕ್ಕದಲ್ಲೇ ಕೂತು ಬಿಚ್ಚಿದ.

"ನಮ್ಮನೇಲಿ ಎರಡು ಒಲೆ ಅನ್ನೋದು ನಿಮಗೆ ಗೊತ್ತಲ್ಲ ಸ್ವಾಮಿ. ಹಿತ್ತಲ ಸೌದೆ ಒಲೆ ಅಮ್ಮಂದು, ಒಳಗಿನ ಗ್ಯಾಸು ಹೆಂಡತಿ ಇಸಕ್ಕೀದು. ಮದುವೆಯಾದ ವಾರದಲ್ಲೇ ಅತ್ತೆ ಸೊಸೆಗೆ ಮಾತು ಬಿಟ್ಟುಹೋಯ್ತು. ಅವತ್ತಿಂದ 'ನಿನ್ನ ಹೆಂಡತಿಗೆ ಹೇಳು' ಅಂತ ಅಮ್ಮ, 'ನಿಮ್ಮಮ್ಮಂಗೆ ಹೇಳ್ರಿ' ಅಂತ ಅವಳು. ನಡುವೆ ನಾನು. ಎರಡು ತಿಂಡಿ, ಎರಡು ಮಧ್ಯಾಹ್ನ, ಎರಡು ರಾತ್ರಿ. ಒಂದು ಬಿಟ್ಟರೂ ಮನೆ ಉಳಿಯಲ್ಲ."

"ಅಡುಗೆನಾದ್ರೂ ಬೇರೆ ಬೇರೆ ಇರುತ್ತಲ್ಲ."

"ಅದೂ ಇಲ್ಲ. ಅಮ್ಮ ಬದನೆಕಾಯಿ ಮಾಡಿದ್ರೆ ಅವಳೂ ಬದನೆಕಾಯಿ. ಅವಳು ಬೆಂಡೆ ಅಂದ್ರೆ ಇವರೂ ಬೆಂಡೆ. ಒಂದು ದಿನ ತಪ್ಪಿಲ್ಲ, ಅಷ್ಟು ಪೈಪೋಟಿ. ಗೋಡೆ ಆಚೆಯಿಂದ ವಾಸನೆ ಹಿಡಿದು ಪತ್ತೆ ಮಾಡ್ತಾರೋ ಏನೋ." ಅವನು ನಿಟ್ಟುಸಿರು ಬಿಟ್ಟ. "ನಿಜ ಹೇಳಬೇಕಂದ್ರೆ ಸ್ವಾಮಿ, ಅನ್ನಕ್ಕೆ ಕಲಸೋ ಆ ಎರಡು ಕುಳಂಬಿನಲ್ಲಿ ಒಂದು ಬಾಯಿಗಿಡೋ ಹಾಗಿರಲ್ಲ. ಪ್ರಾಯಶ್ಚಿತ್ತ ಅಂತ ಕಣ್ಮುಚ್ಚಿ ನುಂಗ್ತೀನಿ."

ಭಟ್ಟರು ವೈರಾಗ್ಯವಂತರು. ಆದರೂ ಕುತೂಹಲ ಅವರ ಜುಟ್ಟು ಹಿಡಿದು ಮುಂದಕ್ಕೆ ಎಳೆಯಿತು. "ಯಾರದು?"

ನಂಬಿರಾಜ ಬಾಯಿ ತೆರೆದ. ಆ ಕ್ಷಣಕ್ಕೆ ಸರಿಯಾಗಿ ಕರೆಂಟು ಹೋಯಿತು.

ಆಗ ಅವನಿಗೆ ಒಂದು ಸದ್ದು ನಿಂತದ್ದು ಕೇಳಿಸಿತು. ಗೋಪುರದ ಮೇಲೆ ಅದುವರೆಗೂ ಗುಂಯ್ ಎನ್ನುತ್ತಿದ್ದ ಎರಡು ಕಹಳೆಗಳ ಉಸಿರು ಅದು. ಮಲಗಿದ ಮೈಕು ಗುಂಯ್ ಎನ್ನುವುದಿಲ್ಲ.

"ಹೇಳು, ಯಾರದು?" ಎಂದರು ಭಟ್ಟರು ಕತ್ತಲಲ್ಲಿ.

"ಹೇಳೋಕೆ ಇನ್ನೇನೂ ಉಳಿದಿಲ್ಲ ಸ್ವಾಮಿ," ಎಂದ ನಂಬಿರಾಜ.

ಕೋವಿಲಿನಿಂದ ಅವನ ಮನೆಗೆ ಒಂದೇ ಬೀದಿ. ಮಾರ್ಗಳಿಯ ಬೆಳಗ್ಗೆ ಹೆಂಗಸರು ಬಾಗಿಲ ಮುಂದೆ ದೊಡ್ಡ ದೊಡ್ಡ ಕೋಲ ಹಾಕುವ ಹೊತ್ತು. ಅಂದು ಬೀದಿಯ ಉದ್ದಕ್ಕೂ ಎಲ್ಲಾ ರಂಗೋಲಿಗಳೂ ಅರ್ಧಕ್ಕೆ ನಿಂತಿದ್ದವು. ಒಂದು ಮನೆಯ ನವಿಲಿಗೆ ತಲೆಯಿತ್ತು, ಬಾಲವಿಲ್ಲ. ಇನ್ನೊಂದರ ಕಮಲಕ್ಕೆ ಮೂರೇ ದಳ. ಹಿಟ್ಟಿನ ಬಟ್ಟಲು ಹಿಡಿದ ಹೆಂಗಸರೆಲ್ಲ ಬಾಗಿದ್ದವರು ಬಾಗಿದ ಹಾಗೇ ಅವನನ್ನು ನೋಡಿದರು. ಪಕ್ಕದ ಮನೆಯ ಪೇಚ್ಚಿಯಕ್ಕ ಗೋಡೆಯ ಮೇಲಿಂದ ಕತ್ತು ಚಾಚಿದಳು.

"ನಂಬಿ, ಸಂಬಂಧದಲ್ಲಿ ನಾನು ನಿನಗೆ ಅಕ್ಕ ಆಗ್ಬೇಕು. ಅಕ್ಕನ ಕಿವೀಲಿ ಹೇಳಪ್ಪಾ, ಯಾರದು?"

ಚಹಾದಂಗಡಿಯ ಮುಂದೆ ಬೆಂಚು ತುಂಬಿತ್ತು. ಅಂಗಡಿಯ ಸುಡಲೈಮುತ್ತು ಲೋಟ ಎತ್ತಿ ತೋರಿಸಿದ.

"ಬನ್ನಿ ಅಣ್ಣಾಚಿ, ಟೀ ಕುಡೀರಿ."

"ಬೇಡಪ್ಪಾ."

"ಹೆದರಬೇಡಿ, ಒಂದೇ ಕೊಡ್ತೀನಿ. ನಮ್ಮದು ಒಂದೊಲೆ ಅಂಗಡಿ."

ಬೆಂಚಿನಲ್ಲಿದ್ದವರ ಮೂಗಿನಿಂದ ಟೀ ಬಂತು. ಅವರಲ್ಲೊಬ್ಬ ಬಹಳ ಬೇಸರದಿಂದ ಹೇಳಿದ, "ನಾನು ಕರೆಂಟ್ ಆಫೀಸಿಗೆ ಫೋನ್ ಮಾಡಿ ಬೈದೆ ಅಣ್ಣಾಚಿ. ದಿನಾ ತೆಗೀತೀರಿ, ಇವತ್ತು ಇನ್ನೊಂದು ಮಾತು ಮುಗಿಯೋವರೆಗೆ ತಡಕೊಳ್ಳಕ್ಕಾಗಲಿಲ್ವಾ ಅಂತ. ಅವನೇನಂದ ಗೊತ್ತಾ? 'ಅದಿರಲಿ, ಯಾರದಂತೆ' ಅಂದ."

ಅವನ ಮನೆಯ ಮುಂದಿನ ಕೋಲ ಮಾತ್ರ ಚುಕ್ಕಿ ತಪ್ಪದೆ ಪೂರ್ತಿಯಾಗಿತ್ತು. ನಂಬಿರಾಜನಿಗೆ ಅದನ್ನು ಕಂಡು ಇನ್ನಷ್ಟು ಭಯವಾಯಿತು.

ಒಳಗೆ ಅವನ ಮಣೆಯ ಮುಂದೆ ಎರಡು ತಟ್ಟೆ ಎಂದಿನಂತೆ ಸಿದ್ಧವಾಗಿದ್ದವು. ಎಡಗಡೆ ಅಮ್ಮ ಆವುಡೈಯಮ್ಮಾಳ್, ಅವಳ ಕಂಚಿನ ಬಟ್ಟಲು. ಬಲಗಡೆ ಹೆಂಡತಿ ಇಸಕ್ಕಿ, ಅವಳ ಸ್ಟೀಲ್ ಬಟ್ಟಲು. ಯಾವ ತಟ್ಟೆಗೆ ಮೊದಲು ಕೈ ಹಾಕಬೇಕು ಎಂಬುದಕ್ಕೆ ಅವನು ಒಂದು ಪದ್ಧತಿ ಮಾಡಿಕೊಂಡಿದ್ದ: ಇಂದು ಎಡ, ನಾಳೆ ಬಲ. ಏಕಾದಶಿ ಬಂದರೆ ನೀರೂ ಮುಟ್ಟದೆ ಉಪವಾಸ. ಆ ಉಪವಾಸ ನೋಡಿ ಊರಿನವರು ಅವನನ್ನು ಮಹಾಭಕ್ತ ಎಂದುಕೊಂಡಿದ್ದರು. ಅವನು ಏಕಾದಶಿಗೆ ಕಾಯುತ್ತಿದ್ದದ್ದು ಹೊಟ್ಟೆಯ ರಜೆಗಾಗಿ.

ಅವನು ಕೂತ. ಅಮ್ಮನ ಬೆಕ್ಕು ಬಂದು ಬೂದಿ ಮೆತ್ತಿದ ಮೈಯನ್ನು ಅವನ ಪಂಚೆಗೆ ಒರೆಸಿತು. ಇಡ್ಲಿ ಬಿದ್ದ ಸದ್ದು ಎರಡು ಸಲ ಕೇಳಿಸಿತು.

"ಏಲೇ ನಂಬಿ," ಎಂದಳು ಅಮ್ಮ ಗೋಡೆ ನೋಡುತ್ತಾ, "ನಿನ್ನ ಹೆಂಡತಿಗೆ ಹೇಳು, ಚಟ್ನಿಗೆ ಪ್ರಾಯಶ್ಚಿತ್ತ ಸರಿಯಾಗಿ ಬಿದ್ದಿದೆಯಾ ಅಂತ ನೋಡಿಕೊಳ್ಳಲಿ."

"ನಿಮ್ಮಮ್ಮಂಗೆ ಹೇಳ್ರಿ," ಎಂದಳು ಇಸಕ್ಕಿ ಇನ್ನೊಂದು ಗೋಡೆ ನೋಡುತ್ತಾ, "ಪ್ರಾಯಶ್ಚಿತ್ತ ಪಾಪ ಮಾಡಿದೋರಿಗೆ. ಅಡುಗೆ ಮಾಡಿದೋರಿಗಲ್ಲ."

"ಅಮ್ಮಾ, ನಾನು ಹಾಗಂದಿದ್ದು..."

"ನೀನು ಏನೂ ಹೇಳಬೇಡ ರಾಜಾ. ಹೇಳೋದನ್ನ ಕಹಳೆಯಲ್ಲಿ ಹೇಳಿದ್ದೀಯ. ತಿನ್ನು."

ಅವನು ಜೋಡಿ ಎತ್ತು ಹೆಜ್ಜೆ ಹಾಕುವ ಹಾಗೆ ಅತ್ತ ಒಂದು ತುಂಡು, ಇತ್ತ ಒಂದು ತುಂಡು ಮುರಿದು ತಿಂದ. ಅಮ್ಮನಿಗೆ ವಯಸ್ಸಾಗಿದೆ, ಅವಳ ಕೈಯದು ಎಂದರೆ ಎದೆ ಒಡೆದೀತು. ಇಸಕ್ಕಿಯದು ಎಂದರೆ ಅವಳು ತವರಿನ ಬಸ್ಸು ಹತ್ತಿಯಾಳು. ಎರಡೂ ಸಮ ಎಂದರೆ ಎರಡೂ ಕೆಟ್ಟದು ಎಂದಾಗುತ್ತದೆ. ಒಂದು ಮಾತಿನಲ್ಲಿ ಮನೆ ಎರಡಾಗುವುದಿತ್ತು, ಆ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು, ಅದು ಅಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಬಿಸಿಲು ಏರುವ ಹೊತ್ತಿಗೆ ಬೀದಿ ಎರಡು ಪಕ್ಷವಾಯಿತು. ಸೊಸೆ ಬಂದ ಮನೆಯ ಹಿರಿಯರೆಲ್ಲ ಆವುಡೈಯಮ್ಮಾಳ್ ಪಕ್ಷ. ಅತ್ತೆಯಿರುವ ಮನೆಯ ಕಿರಿಯರೆಲ್ಲ ಇಸಕ್ಕಿಯ ಪಕ್ಷ. ಗಂಡಸರು ಹೊತ್ತಿಗೆ ಯಾರು ಬಡಿಸುತ್ತಿದ್ದರೋ ಅವರ ಪಕ್ಷ. ನಂಬಿರಾಜ ತೆಂಕಾಶಿಯ ಬಸ್ಸು ಹತ್ತಿ ಒಂದೆರಡು ದಿನ ತಲೆ ಮರೆಸಿಕೊಳ್ಳೋಣವೆಂದು ರಸ್ತೆಗೆ ಹೋದ. ಬಸ್ಸು ನಿಂತಿತು. ಕಂಡಕ್ಟರು ಸೀಟಿ ಬಾಯಿಂದ ತೆಗೆದು, "ಹತ್ತಿ ಅಣ್ಣಾಚಿ, ಯಾರದಂತೆ?" ಎಂದ. ಆಚೆ ಊರಿಗೂ ಕೇಳಿಸಿತ್ತು. ಬೆಳಗ್ಗೆ ಗಾಳಿ ಅತ್ತ ಬೀಸುತ್ತಿತ್ತಂತೆ. ನಂಬಿರಾಜ ಹತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

ಅವನು ಮನೆಗೆ ಮರಳಿದಾಗ ಜಗಲಿಯ ಮೇಲೆ ಶೆಂಬಗರಾಮನ್ ವಾತ್ಯಾರರು ಕೂತಿದ್ದರು. ಶಾಲೆಯಲ್ಲಿ ತಮಿಳು ಕಲಿಸಿ ನಿವೃತ್ತರಾದ ಮೇಲೆ ಊರಿನ ಪೊಂಗಲ್ ಸಮಿತಿಯ ಅಧ್ಯಕ್ಷರು. ಜೊತೆಗೆ ಹೆಗಲ ಮೇಲೆ ಹಸಿರು ಶಲ್ಯ ಹೊದ್ದ ಒಬ್ಬ ಅಪರಿಚಿತ: ಮೇಲಪ್ಪಾಳೂರಿನ ತಂಗಪಾಂಡಿ. ತಮ್ಮೂರ ಹಬ್ಬಕ್ಕೆ ಮೈಕ್ ಸೆಟ್ ಗೊತ್ತು ಮಾಡಲು ಬಂದವನು.

"ನಂಬಿ, ಮದುರೆಯ ಗುಂಪಿನವರು ಈ ವರ್ಷವೂ ಕೈ ಕೊಟ್ಟರು," ಎಂದರು ವಾತ್ಯಾರರು.

ಪೊಂಗಲ್ ಹಬ್ಬಕ್ಕೆ ಕಬ್ಬು ಇಲ್ಲದಿದ್ದರೂ ನಡೆದೀತು, ಪಟ್ಟಿಮಂಡ್ರಂ ಇಲ್ಲದೆ ನಡೆಯದು. ವೇದಿಕೆಯ ಮೇಲೆ ಅತ್ತ ಒಂದು ಅಣಿ, ಅಂದರೆ ತಂಡ, ಇತ್ತ ಒಂದು ಅಣಿ, ಒಂದು ವಿಷಯ ಹಿಡಿದು ವಾದ. ನಡುವಿನ ಕುರ್ಚಿಯಲ್ಲಿ ಕೂತು ಕೊನೆಗೆ ತೀರ್ಪು ಹೇಳುವವನೇ ನಡುವರ್. ಒಳ್ಳೆಯ ಗುಂಪು ಸಿಕ್ಕರೆ ಜನ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ನಾಣಲ್‌ಕುಳಕ್ಕೆ ಅಂಥ ಗುಂಪು ಎಂದೂ ಸಿಕ್ಕಿರಲಿಲ್ಲ.

"ಅದಕ್ಕೆ ನಾನೇನು ಮಾಡಲಿ ವಾತ್ಯಾರೇ? ಮೈಕು ತಾನೇ, ಕೊಡ್ತೀನಿ."

"ಮೈಕು ಹೇಗೂ ಕೊಡ್ತೀಯ. ನಿನ್ನ ಮನೇಲೇ ಎರಡು ಅಣಿ ಇರುವಾಗ ನಾನು ಯಾಕೆ ಮದುರೆಗೆ ಅಲೀಬೇಕು? ಇವತ್ತು ಸಂಜೆ ಕೋವಿಲ್ ಮುಂದಿನ ಮಂಟಪದಲ್ಲಿ ಇಟ್ಕೊಳ್ಳೋಣ. ವಿಷಯ: ಕುಳಂಬಿಗೆ ಕೈ ಪಳಗಿದ್ದು ಅತ್ತೆಯದೋ ಸೊಸೆಯದೋ. ತೀರ್ಪಾಗದೆ ಊರು ನಿದ್ದೆ ಮಾಡಲ್ಲಪ್ಪಾ, ಹೊಲಕ್ಕೆ ಹೋದೋರೂ ವಾಪಸ್ ಬಂದಿದ್ದಾರೆ."

"ನಡುವರ್ ಯಾರು?" ಎಂದು ಕೇಳುವಾಗಲೇ ನಂಬಿರಾಜನಿಗೆ ಉತ್ತರ ಹೊಳೆದಿತ್ತು.

"ಎರಡನ್ನೂ ತಿಂದೋನು ಊರಲ್ಲಿ ಒಬ್ಬನೇ ಇದ್ದಾನೆ. ಮದುವೆಯಾದಾಗಿಂದ ನೀನು ನಡುವರೇ ಅಲ್ವೇನಪ್ಪಾ. ಇವತ್ತು ಒಂದು ಕುರ್ಚಿ ಹಾಕ್ತೀವಿ, ಅಷ್ಟೇ."

ನಂಬಿರಾಜ ಕೊನೆಯ ಆಸೆಯಿಂದ ಒಳಗೆ ತಿರುಗಿ ನೋಡಿದ. ಮಾನವಂತ ಮನೆಯ ಹೆಂಗಸರು, ಬೀದಿಯ ಮಂಟಪಕ್ಕೆ ಬರುತ್ತಾರೆಯೇ.

"ನಿನ್ನ ಹೆಂಡತಿಗೆ ಹೇಳು," ಒಳಗಿನಿಂದ ಅಮ್ಮನ ದನಿ ಬಂತು, "ನಾನು ಬರ್ತೀನಿ."

"ನಿಮ್ಮಮ್ಮಂಗೆ ಹೇಳ್ರಿ," ಇನ್ನೂ ಒಳಗಿನಿಂದ ಇಸಕ್ಕಿಯ ದನಿ ಬಂತು, "ನಾನು ಆಗಲೇ ಸೀರೆ ತೆಗೆದಿಟ್ಟೆ."

ಮೈಕ್ ಪೆಟ್ಟಿಗೆ ಕೆಟ್ಟಿದೆ, ದೀಪ ಉರಿಯುತ್ತಿಲ್ಲ ಎಂದು ನಂಬಿರಾಜ ಹೇಳಿ ನೋಡಿದ. ಸುಡಲೈಮುತ್ತು ತನ್ನ ಅಂಗಡಿಯ ಮುರುಗನ ಪಟದ ಸುತ್ತ ಹಾಕಿದ್ದ ಸರದಿಂದ ಒಂದು ಕೆಂಪು ದೀಪ ಕಿತ್ತು ತಂದು ಕೂರಿಸಿಯೇಬಿಟ್ಟ. "ದೇವರ ದೀಪ ಅಣ್ಣಾಚಿ, ಸುಳ್ಳು ಹೇಳಿದ್ರೆ ಆರಿಹೋಗುತ್ತೆ," ಎಂದ. ನಂಬಿರಾಜ ಕೋವಿಲಿಗೆ ಹೋಗಿ ಪೆರುಮಾಳ್ ಮುಂದೆ ಉದ್ದಂಡ ಬಿದ್ದ.

"ಏನು ಬೇಡ್ಕೊಂಡೆ?" ಎಂದರು ಭಟ್ಟರು ತೀರ್ಥ ಕೊಡುತ್ತಾ.

"ಸಂಜೆಗೆ ಕರೆಂಟು ಹೋಗಲಿ ಅಂತ."

"ಬೆಳಗ್ಗೆ ಒಂದ್ಸಲ ಕಾಪಾಡಿದ್ದಾನೆ ನಂಬಿ. ಎಲ್ಲಾನೂ ದಿನಕ್ಕೆ ಎರಡೆರಡು ಸಲ ತಗೊಳ್ಳೋದು ನಿನಗೆ ಅಭ್ಯಾಸ. ಅವನಿಗೆ ಅಭ್ಯಾಸ ಇಲ್ಲ."

ಸಂಜೆ ಹೊತ್ತಿಗೆ ಮಂಟಪದ ಮುಂದೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಆಚೆ ಊರಿನವರೂ ಬಂದಿದ್ದರು. ಕಂಡಕ್ಟರು ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ ಪ್ರಯಾಣಿಕರ ಸಮೇತ ಬಂದಿದ್ದ. ನಡುವಿನ ಕುರ್ಚಿಯಲ್ಲಿ ನಂಬಿರಾಜ ಬಲಿಗೆ ತಂದ ಕೋಳಿ ಅರಿಶಿನದ ನೀರಿಗೆ ಕಾಯುವ ಹಾಗೆ ಕೂತಿದ್ದ. ಹೆಗಲಿಗೆ ಯಾರೋ ಶಲ್ಯ ಬೇರೆ ಹೊದಿಸಿದ್ದರು.

ಆವುಡೈಯಮ್ಮಾಳ್ ಎದ್ದು ನಿಂತಳು. ಬಾಯೊಳಗಿನ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿ ಮೈಕು ಹಿಡಿದಳು.

"ಸಭೆಗೆ ನಮಸ್ಕಾರ. ಈ ನಡುವರ್ ಹುಟ್ಟಿದಾಗ ನುಗ್ಗೇಕಾಯಿ ಹಾಗಿದ್ದ. ನನ್ನ ಹಾಲಿಗೇ ಮುಖ ಸಿಂಡರಿಸಿದೋನು. ಮದುವೆ ಮನೇಲಿ ಹುಡುಗಿ ಕಡೆಯೋರು ಬಂದು ನೋಡಿ, 'ಹಾರ ಒಂದೇ ನಿಂತಿದೆಯಲ್ಲ, ವರ ಎಲ್ಲಿ' ಅಂತ ಕೇಳಿದರು. ಇವತ್ತು ನೋಡಿ, ಕುರ್ಚಿ ತುಂಬಾ ಕೂತಿದ್ದಾನೆ. ಆ ನುಗ್ಗೇಕಾಯಿನ ಈ ಕುಂಬಳಕಾಯಿ ಮಾಡಿದ ಕುಳಂಬು ಯಾರದು, ಸಭೆ ಹೇಳಲಿ."

ಹಿರಿಯರ ಪಕ್ಷ ಚಪ್ಪಾಳೆ ತಟ್ಟಿತು. ಇಸಕ್ಕಿ ಎದ್ದಳು.

"ಅತ್ತೆ ಹೇಳಿದ್ದು ಅಕ್ಷರ ಅಕ್ಷರ ನಿಜ. ನುಗ್ಗೇಕಾಯಿನ ನನ್ನ ಕೈಗೆ ಕೊಟ್ಟಿದ್ದು ಅವರೇ. ಹುಟ್ಟಿದಾಗಿಂದ ಮದುವೆವರೆಗೂ ಅವರ ಕುಳಂಬೇ ತಿಂದು ನುಗ್ಗೇಕಾಯಿಯಾಗೇ ಉಳಿದಿದ್ದರು. ನಾನು ಬಂದ ಮೇಲೆ ತಾನೇ ಕುಂಬಳಕಾಯಿ ಆಗಿದ್ದು?"

ಈಗ ಕಿರಿಯರ ಸರದಿ. ಪೇಚ್ಚಿಯಕ್ಕ ತಾನು ಯಾವ ಪಕ್ಷವೆಂಬುದು ಮರೆತು ಎರಡಕ್ಕೂ ತಟ್ಟಿದಳು.

"ನಡುವರ್ ಅವರೇ, ಎದುರು ಅಣಿಗೆ ಹೇಳಿ," ಎಂದಳು ಆವುಡೈಯಮ್ಮಾಳ್, "ಬಿತ್ತಿದ ದಿನವೇ ಯಾರೂ ಕೊಯ್ಯಲ್ಲ. ಬಿತ್ತಿದ್ದು ನಾನು. ಇವಳು ಕೊಯ್ಲಿಗೆ ಬಂದೋಳು."

"ಹೇಳಿ ನಡುವರ್ ಅವರೇ, ಅತ್ತೆ ಬಿತ್ತಿದ್ದು ಬರೀ ಉಪ್ಪು. ಉಪ್ಪು ಬಿತ್ತಿದ್ರೆ ಪೈರು ಬರುತ್ತಾ?"

"ಉಪ್ಪಿನ ಮಾತು ಇವಳು ಆಡ್ತಾಳೆ. ಇವಳ ಕುಳಂಬಿನಲ್ಲಿ ಬದನೆಕಾಯಿ ಹುಡುಕೋಕೆ ಈಜು ಕಲೀಬೇಕು."

"ಅತ್ತೆಯವರ ಕುಳಂಬಿನಲ್ಲಿ ಈಜೋದು ಬೇಡ. ನಡೆದುಕೊಂಡೇ ಹೋಗಬಹುದು, ಅಷ್ಟು ಗಟ್ಟಿ."

ಮಂಟಪದ ಪಾರಿವಾಳಗಳು ಎದ್ದುಹೋದವು. ಮೇಲಪ್ಪಾಳೂರಿನ ತಂಗಪಾಂಡಿ ಶಲ್ಯದಿಂದ ಕಣ್ಣೊರೆಸಿಕೊಂಡು ಒರೆಸಿಕೊಂಡು ಅದನ್ನು ಒದ್ದೆ ಮಾಡಿಬಿಟ್ಟಿದ್ದ. ಗಮನವಿಟ್ಟು ನೋಡಿದ್ದರೆ ನಂಬಿರಾಜನಿಗೆ ಒಂದು ಸಂಗತಿ ಕಾಣಬೇಕಿತ್ತು. ಅತ್ತೆ ಸೊಸೆ ಒಮ್ಮೆಯೂ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳಲಿಲ್ಲ. ಒಬ್ಬಳು ಬಿಟ್ಟ ಕಡೆ ಇನ್ನೊಬ್ಬಳು ಎತ್ತುತ್ತಿದ್ದಳು, ಪಳಗಿದ ನಾಗಸ್ವರ ತವಿಲಿನ ಜೋಡಿಯ ಹಾಗೆ. ಆದರೆ ಅವನು ನೋಡುತ್ತಿದ್ದದ್ದು ಕೆಂಪು ದೀಪವನ್ನು. ಅದು ಉರಿಯುತ್ತಲೇ ಇತ್ತು.

"ತೀರ್ಪು," ಎಂದರು ವಾತ್ಯಾರರು.

ನಂಬಿರಾಜ ಎದ್ದ. ತಾಯಿ ದೇವರು ಎಂದ, ಹೆಂಡತಿ ಮನೆಯ ದೀಪ ಎಂದ, ಅನ್ನ ಬ್ರಹ್ಮ ಎಂದ. "ಅದೆಲ್ಲ ನಮಗೆ ಗೊತ್ತು, ಯಾರದು?" ಎಂದಿತು ಜನ. ಅವನು ಭಟ್ಟರ ಕಡೆ ನೋಡಿದ. ಭಟ್ಟರು ಗರ್ಭಗುಡಿಯ ಕಡೆ ಕೈ ತೋರಿಸಿ, "ಅವನು ಕೇಳ್ತಿದ್ದಾನೆ. ಇದ್ದದ್ದು ಹೇಳಿಬಿಡು ನಂಬಿ, ಹಗುರಾಗ್ತೀಯ," ಎಂದರು.

ಅಷ್ಟು ವರ್ಷದ ದಣಿವು ಅವನ ಬೆನ್ನು ಹಿಡಿದು ಮುಂದೆ ನೂಕಿತು. ಅವನು ಕಣ್ಣು ಮುಚ್ಚಿದ.

"ಎರಡಕ್ಕೂ ನೆಲ ಆಕಾಶದ ವ್ಯತ್ಯಾಸ ಇದೆ ಸಭೆಯೇ. ಕಣ್ಣು ಕಟ್ಟಿ ಬಡಿಸಿದ್ರೂ ಹೇಳ್ತೀನಿ. ಇಸಕ್ಕಿಯ ಕುಳಂಬು ನಯ. ಹುಣಿಸೆ ಹಿಂದೆ ನಿಲ್ಲುತ್ತೆ, ಎಣ್ಣೆ ಮೇಲೆ ತೇಲುತ್ತೆ, ಕೊನೇಲಿ ಒಂದೆಳೆ ಸಿಹಿ. ಅಮ್ಮನ ಕುಳಂಬಿಗೆ..." ಅವನು ಶಲ್ಯದ ಅಂಚಿನಿಂದ ಮೂಗು ಒರೆಸಿಕೊಂಡ. "ಅಮ್ಮನ ಕುಳಂಬಿಗೆ ಸೌದೆ ಹೊಗೆ ಹಿಡಿದಿರುತ್ತೆ. ಒಲೇದು ತಪ್ಪು, ಅಮ್ಮಂದಲ್ಲ. ಆದರೆ ಆ ಹೊಗೆ ವಾಸನೆ ನನಗೆ ಸೇರಲ್ಲ. ಮೊದಲಿಂದಲೂ ಸೇರಲ್ಲ. ಕ್ಷಮಿಸಿಬಿಡಮ್ಮಾ."

ಆವುಡೈಯಮ್ಮಾಳ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜಗಳು ನಡುಗತೊಡಗಿದವು. ಹಿರಿಯ ಹೆಂಗಸರು ನಂಬಿರಾಜನನ್ನು ಬೆಂಕಿಯಲ್ಲಿ ಹಾಕುವ ಹಾಗೆ ನೋಡಿದರು. ಅವನು ಶಲ್ಯ ಎಸೆದು ತಾಯಿಯ ಕಾಲಿಗೆ ಬೀಳಲು ಓಡಿದ. ಬಾಗಿ ಮುಖ ನೋಡಿದರೆ, ಅವಳು ಅಳುತ್ತಿರಲಿಲ್ಲ. ಎಲೆಯಡಿಕೆ ಗಂಟಲಿಗೆ ಸಿಕ್ಕುವಷ್ಟು ನಗುತ್ತಿದ್ದಳು.

"ಅತ್ತೆ," ಎಂದಳು ಇಸಕ್ಕಿ, ತಾನೂ ನಗು ತಡೆಯಲಾಗದೆ, "ಹೇಳಿಬಿಡ್ಲಾ?"

"ನೀನೇ ಹೇಳಮ್ಮಾ. ನನ್ನ ಕೈಲಾಗಲ್ಲ."

ಅವರಿಬ್ಬರೂ ತನ್ನ ನೆತ್ತಿಯ ಮೇಲಿಂದ ನೇರವಾಗಿ ಮಾತಾಡಿಕೊಂಡದ್ದನ್ನು ನಂಬಿರಾಜ ಮದುವೆಯಾದ ಮೇಲೆ ಕೇಳಿದ್ದು ಅದೇ ಮೊದಲು.

"ಹೊಗೆ ವಾಸನೆ ಎಲ್ಲಿಂದ ಬರಬೇಕು ರೀ?" ಎಂದಳು ಇಸಕ್ಕಿ ಮೈಕಿನಲ್ಲಿ. "ನಾನು ಈ ಮನೆಗೆ ಬಂದ ಮೇಲೆ ಆ ಹಿತ್ತಲ ಒಲೆ ಹಚ್ಚಿದ್ದೇ ಇಲ್ಲ. ಅದರಲ್ಲಿ ಮೂರು ತಲೆಮಾರಿನ ಬೆಕ್ಕು ಮಲಗಿವೆ. ಮೈಯೆಲ್ಲ ಬೂದಿ ಮಾಡಿಕೊಂಡು ಬಂದು ನಿಮ್ಮ ಪಂಚೆಗೇ ಒರೆಸ್ತಿದ್ವಲ್ಲ, ನೋಡಲಿಲ್ವಾ? ಒಂದೇ ಒಲೆ, ಒಂದೇ ಪಾತ್ರೆ. ಒಂದಿನ ಅತ್ತೆ ಮಾಡ್ತಾರೆ, ಒಂದಿನ ನಾನು. ಕಂಚಿನ ಬಟ್ಟಲಿಗೆ ಸುರಿದ್ರೆ ಅವರದು, ಸ್ಟೀಲ್ ಬಟ್ಟಲಿಗೆ ಸುರಿದ್ರೆ ನಂದು."

"ಮತ್ತೆ ಜಗಳ?" ಎಂದ ನಂಬಿರಾಜ, ಮೊಣಕಾಲೂರಿದವನು ಹಾಗೇ.

ಈಗ ಅಮ್ಮನಿಗೆ ಉಸಿರು ಬಂದಿತ್ತು. "ನೀನು ಅರ್ಧ ದೋಸೆಗೆ ಸಾಕು ಅಂತ ಏಳೋನು ರಾಜಾ. ಹೊಸದಾಗಿ ಬಂದ ಹುಡುಗಿ ನನ್ನ ಹತ್ರ ಬಂದು ಅತ್ತಳು, ಅತ್ತೆ, ಇವರಿಗೆ ನನ್ನ ಕೈ ಅಡುಗೆ ಹಿಡಿಸಿಲ್ಲ ಅಂತ. ನಾನಂದೆ, ಅಳಬೇಡ, ಇವನು ಪ್ರೀತಿಗೆ ತಿನ್ನೋನಲ್ಲ, ಹೆದರಿಕೆಗೆ ತಿನ್ನೋನು. ನಾಳೆಯಿಂದ ನಾವಿಬ್ಬರೂ ಜಗಳ ಆಡೋಣ ಅಂತ. ಒಂದು ವಾರಕ್ಕೆ ಅಂತ ಶುರು ಮಾಡಿದ್ವಿ. ಆಮೇಲೆ ನಮಗೇ ಬಿಡೋಕೆ ಮನಸ್ಸಾಗಲಿಲ್ಲ. ಮಧ್ಯಾಹ್ನ ನೀನು ಆಚೆ ಹೋದ ಮೇಲೆ ರಾತ್ರಿಗೆ ಏನು ಬೈದಾಡಬೇಕು ಅಂತ ಕೂತು ಯೋಚನೆ ಮಾಡೋದೇ ನಮಗೊಂದು ಹೊತ್ತು ಹೋಗೋ ದಾರಿ."

ನಾಲಿಗೆಗೂ ಕಿವಿಯಿದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು; ಅದು ಕೇಳಿದ್ದನ್ನೇ ರುಚಿ ನೋಡುತ್ತದೆ. ಇಲ್ಲದ ಹೊಗೆಯನ್ನು ಅಷ್ಟು ವರ್ಷ ನುಂಗಿದ ನಂಬಿರಾಜ ಮಂಟಪದ ನಡುವೆ ಕೂತುಬಿಟ್ಟ. ಜನ ನಕ್ಕ ನಗೆಯನ್ನು ಅವನದೇ ಎರಡು ಕಹಳೆಗಳು ಎತ್ತಿಕೊಂಡು ಕೆರೆಯ ಆಚೆಗೂ ಒಯ್ದವು.

ತಂಗಪಾಂಡಿ ಜನರನ್ನು ಸರಿಸಿಕೊಂಡು ಬಂದು ಕೈ ಮುಗಿದ. "ಅಣ್ಣಾಚಿ, ಪೊಂಗಲ್‌ಗೆ ನಿಮ್ಮ ಗುಂಪು ನಮ್ಮೂರಿಗೆ ಬರಲೇಬೇಕು."

"ಯಾವ ಗುಂಪು?"

"ಇದೇ ಗುಂಪು. ಆ ಹೊಗೆ ವಾಸನೆ ತೀರ್ಪು ಇದೆಯಲ್ಲ, ಅದನ್ನ ಇವತ್ತು ಹೇಳಿದ ಹಾಗೇ ಹೇಳ್ಬೇಕು. ಆ ಅಳುಮುಖ ಇನ್ಯಾರಿಗೂ ಬರಲ್ಲ."

ವಾತ್ಯಾರರು ಅಲ್ಲೇ ಹೆಸರಿಟ್ಟರು: ನಾಣಲ್‌ಕುಳಂ ಎರಡೊಲೆ ನಗೆಮಂಡ್ರಂ. ಆ ಗುಂಪು ಹುಟ್ಟಿದ್ದು ಅಂದಿನ ಸಂಜೆ, ಪೆರುಮಾಳ್ ಕೋವಿಲಿನ ಮುಂದೆ ಎಂದು ಊರು ಹೇಳುತ್ತದೆ. ನಂಬಿರಾಜನ ಲೆಕ್ಕ ಬೇರೆ. ಅದು ಹುಟ್ಟಿದ್ದು ಅವನ ಮದುವೆಯಾದ ವಾರದಲ್ಲೇ. ದಿನಕ್ಕೆ ಮೂರು ಆಟ ತಪ್ಪದೆ ನಡೆದಿತ್ತು. ಅಷ್ಟಕ್ಕೂ ಇದ್ದವನು ಒಬ್ಬನೇ ಪ್ರೇಕ್ಷಕ, ಅವನೇ ಒಮ್ಮೆಯೂ ನಗದವನು.

ಮನೆಗೆ ನಡೆಯುವಾಗ ಅವನು ಮೆಲ್ಲಗೆ ಕೇಳಿದ. "ಹಾಗಾದ್ರೆ ಇನ್ಮೇಲೆ ಒಂದೇ ಊಟ ತಾನೇ?"

"ನಿನ್ನ ಹೆಂಡತಿಗೆ ಹೇಳು," ಎಂದಳು ಅಮ್ಮ, ಸೊಸೆಯ ಕೈ ಹಿಡಿದು ನಡೆಯುತ್ತಲೇ.

"ಅಭ್ಯಾಸ ತಪ್ಪಬಾರದು ರೀ," ಎಂದಳು ಇಸಕ್ಕಿ. "ಹಬ್ಬಕ್ಕೆ ಆಟ ಒಪ್ಪಿಕೊಂಡಿದ್ದೀವಿ."

ಪೊಂಗಲ್ ದಿನ ಮೂವರೂ ಮೇಲಪ್ಪಾಳೂರು ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು. ತಂಗಪಾಂಡಿಯ ಮನೆಯಲ್ಲಿ ಅತ್ತೆ ಸೊಸೆಯರನ್ನು ಒಳಗೆ ಕರೆದೊಯ್ದು, ನಂಬಿರಾಜನನ್ನು ಮಾತ್ರ ನಡುಮನೆಯಲ್ಲಿ ಕೂರಿಸಿದರು. ಅವನ ಮುಂದೆ ಎರಡು ಬಾಳೆಲೆ ಹಾಸಿದರು. ಎರಡರಲ್ಲೂ ಅನ್ನ, ಎರಡರಲ್ಲೂ ಬದನೆಕಾಯಿ ಕುಳಂಬು. ನಂಬಿರಾಜನಿಗೆ ಜೀವನದಲ್ಲಿ ಮೊದಲ ಬಾರಿಗೆ ಸ್ವಲ್ಪ ನಗು ಬಂತು. ಪರವಾಗಿಲ್ಲ, ಈ ಊರಿನವರಿಗೂ ತಮಾಷೆ ಗೊತ್ತು.

ಅವನು ತಂಗಪಾಂಡಿಯ ಕಿವಿಯ ಬಳಿ ಬಾಗಿದ. "ಒಂದೇ ಪಾತ್ರೇದು ತಾನೇ?"

ತಂಗಪಾಂಡಿ ಸುತ್ತ ನೋಡಿ ದನಿ ತಗ್ಗಿಸಿದ. ಅವನ ಮುಖದಲ್ಲಿ ನಂಬಿರಾಜನಿಗೆ ಚೆನ್ನಾಗಿ ಪರಿಚಯವಿದ್ದ ಒಂದು ದಣಿವು ಕೂತಿತ್ತು.

"ಇಲ್ಲ ಅಣ್ಣಾಚಿ. ಎಡಗಡೇದು ನಮ್ಮಮ್ಮಂದು, ಬಲಗಡೇದು ನನ್ನ ಹೆಂಡತೀದು. ನಮ್ಮನೇಲಿ ಅವರಿಬ್ಬರಿಗೂ ನಿಜವಾಗ್ಲೂ ಮಾತಿಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು. ತಿಂದು ನೋಡಿ ತೀರ್ಪು ಹೇಳಿಬಿಡಿ."

ಅಡುಗೆಮನೆಯ ಬಾಗಿಲ ಎರಡು ಪಕ್ಕದಲ್ಲಿ ಎರಡು ಸೀರೆಯ ಅಂಚು ಕಂಡಿತು. ನಂಬಿರಾಜ ಎಲೆಯ ಸುತ್ತ ನೀರು ಕಟ್ಟಿ, ಕೈ ಜೋಡಿಸಿ, ತಲೆಯೆತ್ತಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಹೊತ್ತು ನೋಡಿದ.

ಕರೆಂಟು ಹೋಗಲಿಲ್ಲ.